ತಪ್ಪಿಗೆ ಕಾರಣ ಸದಾ ‘ಮಾನವ ದೋಷ’ವೇ?

ಮಾನ್ಯ ಸಂಪಾದಕರೆ,

ಮಾತ್ರೆ ನುಂಗಿದ ಮೇಲೆ ಮೈಯೆಲ್ಲ ದದ್ದು ಎದ್ದಿತು, ತಲೆ ಸುತ್ತಿ ಬಿದ್ದರು ಎಂದು ಜಗತ್ತಿನ ಯಾವುದೋ ಮೂಲೆಯ ರೋಗಿಯೋ ವೈದ್ಯರೋ ಔಷಧ ಕಂಪನಿಗೆ ತಿಳಿಸಿದರೆ, ಆ ವರದಿಯನ್ನು ಓದಿ, ವಿಂಗಡಿಸಿ, ಆಯಾ ದೇಶದ ಔಷಧ ನಿಯಂತ್ರಕರಿಗೆ ಕಳುಹಿಸಲು ಸಿದ್ಧಪಡಿಸುವ ಕೆಲಸ ಇಂದು ದೊಡ್ಡ ಪ್ರಮಾಣದಲ್ಲಿ ಬೆಂಗಳೂರಿನ ಕಚೇರಿಗಳಲ್ಲಿ ನಡೆಯುತ್ತಿದೆ. ಫಾರ್ಮಕೋವಿಜಿಲೆನ್ಸ್ ಎಂದು ಕರೆಯುವ ಈ ಕೆಲಸವನ್ನು ಔಷಧ ಕಂಪನಿಗಳು ಸೇವಾ ಸಂಸ್ಥೆಗಳಿಗೆ ಗುತ್ತಿಗೆ ಕೊಡುತ್ತವೆ. ಅಂಥ ಒಂದು ಸಂಸ್ಥೆಯಲ್ಲಿ ಆರು ವರ್ಷ ದುಡಿದು ಹೊರಬಂದವನು ನಾನು. ಅದರ ಹೆಸರು ಹೇಳುವುದು ನನ್ನ ಉದ್ದೇಶವಲ್ಲ. ಬೇರೆ ಬೇರೆ ಕಡೆ ಕೆಲಸ ಮಾಡಿದ ಗೆಳೆಯರ ಅನುಭವವೂ ಇದಕ್ಕಿಂತ ಹೆಚ್ಚು ಭಿನ್ನವಾಗಿಲ್ಲ.

ಈ ಕೆಲಸದಲ್ಲಿ ಎಲ್ಲವೂ ದಿನದ ಲೆಕ್ಕ. ರೋಗಿ, ವರದಿ ಮಾಡಿದವರು, ಶಂಕಿತ ಔಷಧ, ಆದ ತೊಂದರೆ, ಈ ನಾಲ್ಕೂ ಗೊತ್ತಾದ ದಿನವನ್ನು ‘ಡೇ ಜೀರೋ’ ಎನ್ನುತ್ತಾರೆ. ಗಂಭೀರ ಪರಿಣಾಮದ ವರದಿಯಾದರೆ ಸಾಮಾನ್ಯವಾಗಿ ಅಲ್ಲಿಂದ 15 ದಿನಗಳೊಳಗೆ ಅದು ನಿಯಂತ್ರಕರನ್ನು ತಲುಪಲೇಬೇಕು. ಗಡುವು ದಾಟಿದರೆ ‘ಲೇಟ್ ಕೇಸ್’; ನಮ್ಮಲ್ಲಿ ಒಂದೊಂದು ವರದಿಯನ್ನೂ ‘ಕೇಸ್’ ಎನ್ನುತ್ತಾರೆ. ನಾವು ಸೇರಿದಾಗ ದಿನಕ್ಕೆ ಎಂಟು ಕೇಸುಗಳ ಟಾರ್ಗೆಟ್ ಇತ್ತು. ಗುತ್ತಿಗೆ ನವೀಕರಣವಾದ ವರ್ಷ ಅದು ಹನ್ನೆರಡಾಯಿತು. ಕ್ಲೈಂಟ್, ಎಂದರೆ ಕೆಲಸ ಕೊಟ್ಟ ಔಷಧ ಕಂಪನಿ, ಪ್ರತಿ ಕೇಸಿಗೆ ಕೊಡುವ ದರ ಇಳಿದಿದೆ, ಬೇರೆ ದಾರಿಯಿಲ್ಲ ಎಂದು ಎಲ್ಲ ಸಿಬ್ಬಂದಿಯನ್ನು ಸೇರಿಸಿದ ‘ಟೌನ್‌ಹಾಲ್’ ಸಭೆಯಲ್ಲಿ ಮೇಲಿನವರು ಹೇಳಿದರು. ಅದೇ ಸಭೆಯಲ್ಲಿ ‘ರೋಗಿಯೇ ಮೊದಲು’ ಎಂಬ ಹೊಸ ಘೋಷವಾಕ್ಯ ಬರೆದ ಕಾಫಿ ಮಗ್ಗುಗಳನ್ನೂ ಹಂಚಿದರು.

ಒಂದು ಕೇಸಿನ ಸಂಗತಿ ಹೇಳುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಿದ್ದ ವೃದ್ಧೆಯೊಬ್ಬರಿಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿತ್ತು. ಜೊತೆಗೆ ಯಾವುದೋ ನೋವಿನ ಮಾತ್ರೆಯನ್ನೂ ನುಂಗಿದ್ದರು. ಅದನ್ನು ಶುರುಮಾಡಿದ ತಾರೀಕು ಕೈಬರಹದ ಫಾರಂನಲ್ಲಿ 3 ಎಂದೂ ಓದಬಹುದಿತ್ತು, 8 ಎಂದೂ ಓದಬಹುದಿತ್ತು. ರಕ್ತಸ್ರಾವ ಕಂಡದ್ದು 6ನೇ ತಾರೀಕು. ಮೂರಾದರೆ ನೋವಿನ ಮಾತ್ರೆಯ ಪಾತ್ರವಿರಬಹುದು, ಎಂಟಾದರೆ ಇಲ್ಲ. ಎಂದರೆ ಇಡೀ ವರದಿಯ ಅರ್ಥ ಆ ಒಂದು ಅಂಕಿಯ ಮೇಲೆ ನಿಂತಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ, ಔಷಧಶಾಸ್ತ್ರದ ಫಾರ್ಮ.ಡಿ ಪದವಿ ಮುಗಿಸಿ ಬಂದು ವರ್ಷವೂ ಆಗಿರದ ಹುಡುಗಿ, ಆ ಜಾಗವನ್ನು ಖಾಲಿ ಬಿಟ್ಟು, ವರದಿ ಮಾಡಿದ ವೈದ್ಯರಿಗೆ ಪ್ರಶ್ನೆ ಕಳುಹಿಸಬೇಕೆಂದಳು. ನಿಯಮವೂ ಅದೇ. ಆದರೆ ಪ್ರಶ್ನೆ ಕಳುಹಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ‘ಪೆಂಡಿಂಗ್’ ಸಂಖ್ಯೆ ಒಂದು ಏರುತ್ತದೆ, ಏರಿದ್ದಕ್ಕೆ ಸಂಜೆಯ ಕರೆಯಲ್ಲಿ ಟೀಮ್ ಲೀಡ್ ವಿವರಣೆ ಕೊಡಬೇಕಾಗುತ್ತದೆ. “ಎಂಟರ ಹಾಗೇ ಕಾಣುತ್ತಲ್ಲಮ್ಮಾ, ಹಾಕಿ ಕ್ಲೋಸ್ ಮಾಡು” ಎಂದರು ಟೀಮ್ ಲೀಡ್. ಅವಳು ಹಾಕಿದಳು. ಅಂದು ತಂಡದಲ್ಲಿ ಇಬ್ಬರು ರಜೆಯಲ್ಲಿದ್ದರು, ಅವರ ಪಾಲಿನ ಕೇಸುಗಳೂ ಉಳಿದವರ ಮೇಲೆಯೇ ಬಿದ್ದಿದ್ದವು.

ಎರಡು ತಿಂಗಳ ನಂತರ ಕ್ಲೈಂಟಿನ ಆಡಿಟ್‌ನಲ್ಲಿ ಅದು ಸಿಕ್ಕಿಬಿತ್ತು. ಇಂಥ ತಪ್ಪಿಗೆ ಮೂಲಕಾರಣ ಹುಡುಕಿ ಬರೆದಿಡುವುದು ಕಡ್ಡಾಯ. ಬರೆದದ್ದು ಎರಡೇ ಪದ: ‘ಮಾನವ ದೋಷ’. ಪರಿಹಾರ ಕ್ರಮ: ಮರುತರಬೇತಿ. ಮರುತರಬೇತಿಯೆಂದರೆ ಆ ಹುಡುಗಿ ಮೊದಲೇ ಓದಿ ಸಹಿ ಹಾಕಿದ್ದ ನಲವತ್ತು ಪುಟಗಳ ಕಾರ್ಯವಿಧಾನವನ್ನು ಇನ್ನೊಮ್ಮೆ ಓದಿದೆನೆಂದು ಸಹಿ ಹಾಕುವುದು. ಆ ವರ್ಷದ ಅಪ್ರೈಸಲ್‌ನಲ್ಲಿ ಅವಳ ಅಂಕ ಕಡಿತವಾಯಿತು. ಆ ದಿನ ಯಾರಿಗೆ ಎಷ್ಟು ಕೇಸು ಕೊಟ್ಟಿದ್ದರು ಎಂಬ ಹಂಚಿಕೆ ಪಟ್ಟಿಯನ್ನು ಯಾರೂ ತೆರೆದು ನೋಡಲಿಲ್ಲ, ‘ಕ್ಲೋಸ್ ಮಾಡು’ ಎಂದ ಮಾತು ಎಲ್ಲಿಯೂ ದಾಖಲಾಗಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ಬಾಯಿ ತೆರೆಯಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನಿಯಮಗಳು ಹೀಗೆ ಹೇಳುವುದಿಲ್ಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯಾದ ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿ ಈ ಕೆಲಸಕ್ಕೆಂದು 2012ರಿಂದ ಜಾರಿಗೆ ತಂದ ಮಾರ್ಗಸೂಚಿಯ ಮೊದಲ ಅಧ್ಯಾಯವೇ ಗುಣಮಟ್ಟ ವ್ಯವಸ್ಥೆಯ ಕುರಿತದ್ದು; ಸಾಕಷ್ಟು ಸಿಬ್ಬಂದಿ ಮತ್ತು ಸಂಪನ್ಮೂಲ ಒದಗಿಸುವುದು ನಿರ್ವಾಹಕರ ಹೊಣೆಯೆಂದು ಅದು ಹೇಳುತ್ತದೆ. ಕೆಲಸವನ್ನು ಹೊರಗುತ್ತಿಗೆ ಕೊಟ್ಟರೂ ಅಂತಿಮ ಜವಾಬ್ದಾರಿ ಔಷಧ ಮಾರಾಟದ ಪರವಾನಗಿ ಪಡೆದ ಕಂಪನಿಯದೇ. ಹಾಗಿದ್ದೂ ಮೂಲಕಾರಣದ ಕಾಲಂನಲ್ಲಿ ಕೆಳಗಿನವರ ಹೆಸರು ಮಾತ್ರ ಏಕೆ ಬೀಳುತ್ತದೆ ಎಂದರೆ, ಆ ಕಾಲಂ ತುಂಬುವವರು ಹಂಚಿಕೆ ಮಾಡಿದವರೇ ಆಗಿರುತ್ತಾರೆ.

ನನ್ನ ಆರು ವರ್ಷಗಳಲ್ಲಿ ಒಬ್ಬರು ಮಾತ್ರ ಬೇರೆ ಥರ ನಡೆದುಕೊಂಡರು. ನಡುವೆ ಹತ್ತು ತಿಂಗಳು ನಮ್ಮ ತಂಡಕ್ಕೆ ಮುಖ್ಯಸ್ಥರಾಗಿದ್ದ ಆ ಮೇಡಂ, ಮೂರು ಕೇಸುಗಳು ತಡವಾದಾಗ, “ಸಿಬ್ಬಂದಿ ಕೊರತೆ ಗೊತ್ತಿದ್ದೂ ಹೆಚ್ಚಿನ ಕೇಸುಗಳನ್ನು ಒಪ್ಪಿಕೊಂಡೆ, ಕ್ಲೈಂಟಿಗೆ ಮೊದಲೇ ತಿಳಿಸಲಿಲ್ಲ” ಎಂದು ಮೂಲಕಾರಣದಲ್ಲಿ ತಮ್ಮ ಹೆಸರನ್ನೇ ಬರೆದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಮುಂದಿನ ತಿಂಗಳು ಬೇರೆ ತಂಡದಿಂದ ಇಬ್ಬರನ್ನು ಕೊಟ್ಟರು. ಅದಾದ ಮೇಲೆ ನಮ್ಮಲ್ಲಿ ಅನುಮಾನ ಬಂದ ಕಡೆ ಪ್ರಶ್ನೆ ಕಳುಹಿಸಲು ಯಾರೂ ಹಿಂಜರಿಯಲಿಲ್ಲ. ಕೆಲಸದ ಸಂಸ್ಕೃತಿ ಎಂಬ ಮಾತನ್ನು ತರಬೇತಿಗಳಲ್ಲಿ ಎಷ್ಟೋ ಸಲ ಕೇಳಿದ್ದೆ, ಕಣ್ಣಾರೆ ಕಂಡದ್ದು ಆ ಹತ್ತು ತಿಂಗಳಲ್ಲಿ. ಮುಂದೆ ಅವರನ್ನು ತರಬೇತಿ ವಿಭಾಗಕ್ಕೆ ಕಳುಹಿಸಿದರು. ಅದು ಬಡ್ತಿಯೋ ಶಿಕ್ಷೆಯೋ ನಮಗೆ ತಿಳಿಯಲಿಲ್ಲ.

ದೂರು ಕೊಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ವರ್ಷಕ್ಕೊಮ್ಮೆ ‘ಅನಾಮಧೇಯ’ ಸಮೀಕ್ಷೆ ನಡೆಯುತ್ತಿತ್ತು. ಅದರ ಮೊದಲ ಮೂರು ಪ್ರಶ್ನೆಗಳು ತಂಡ, ಲಿಂಗ ಮತ್ತು ಸೇವಾವಧಿ. ಆರು ಜನರ ತಂಡದಲ್ಲಿ ಇಷ್ಟು ತಿಳಿಸಿದ ಮೇಲೆ ಹೆಸರು ಬರೆಯುವುದೊಂದೇ ಬಾಕಿ. ಬಿಟ್ಟು ಹೋಗೋಣವೆಂದರೆ 90 ದಿನಗಳ ನೋಟಿಸ್ ಅವಧಿ, ಹೊಸ ಕಡೆಯವರು ಅಷ್ಟು ಕಾಯುವುದಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಮಾಲೀಕರು ಮತ್ತು ಕಾರ್ಮಿಕರು ಎರಡೂ ಕಡೆಯಿಂದ ಸಮಸಂಖ್ಯೆಯ ಸದಸ್ಯರಿರುವ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ನಮ್ಮ ರಾಜ್ಯ ಸರ್ಕಾರ ಐಟಿ ಮತ್ತಿತರ ಜ್ಞಾನಾಧಾರಿತ ಉದ್ಯಮಗಳಿಗೆ ಕೆಲಸದ ಷರತ್ತುಗಳನ್ನು ಲಿಖಿತವಾಗಿ ಗೊತ್ತುಪಡಿಸಬೇಕೆನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಟ್ಟಾಗಲೂ ಇಂಥ ಸಮಿತಿ ರಚಿಸುವ ಷರತ್ತು ಹಾಕಿತ್ತು. ನಮ್ಮಲ್ಲಿ ಆ ಸಮಿತಿ ಇಂಟ್ರಾನೆಟ್‌ನ ಒಂದು ಪುಟದಲ್ಲಿತ್ತು. ಅದರಲ್ಲಿ ಹೆಸರಿದ್ದ ಇಬ್ಬರು ಆಗಲೇ ಕೆಲಸ ಬಿಟ್ಟು ಹೋಗಿದ್ದರು.

ಇದು ಕೇವಲ ನೌಕರರ ಗೋಳು ಎಂದು ಯಾರೂ ಭಾವಿಸಬಾರದು. ಥಾಲಿಡೊಮೈಡ್ ಮಾತ್ರೆ ನುಂಗಿದ ಗರ್ಭಿಣಿಯರಿಗೆ ಅಂಗವೈಕಲ್ಯವಿರುವ ಶಿಶುಗಳು ಹುಟ್ಟುತ್ತಿರುವುದನ್ನು ಗಮನಿಸಿದ ಸಿಡ್ನಿಯ ವೈದ್ಯ ವಿಲಿಯಂ ಮ್ಯಾಕ್‌ಬ್ರೈಡ್, 1961ರ ಡಿಸೆಂಬರ್‌ನಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕರಿಗೆ ಒಂದು ಪುಟ್ಟ ಪತ್ರ ಬರೆದು, ಇಂಥದ್ದನ್ನು ಬೇರೆ ಯಾರಾದರೂ ಕಂಡಿದ್ದೀರಾ ಎಂದು ಕೇಳಿದ್ದರು. (ಅದೇ ಮ್ಯಾಕ್‌ಬ್ರೈಡ್ ಮುಂದೆ ಬೇರೊಂದು ಸಂಶೋಧನೆಯ ಅಂಕಿಅಂಶ ತಿದ್ದಿ ವೈದ್ಯಕೀಯ ನೋಂದಣಿ ಕಳೆದುಕೊಂಡದ್ದು ಬೇರೆ ಮಾತು.) ನಮ್ಮ ವೃತ್ತಿ ಬೆಳೆದು ನಿಂತದ್ದೇ ಆ ದುರಂತದಿಂದ. ಅನುಮಾನ ಬಂದವರು ಅದನ್ನು ಬರೆಯಬೇಕು, ಇಷ್ಟೇ ಇದರ ಬುನಾದಿ. ಪ್ರಶ್ನೆ ಕಳುಹಿಸಲು ಹೆದರುವ ಕಡೆ ಅದೇ ಕುಸಿಯುತ್ತದೆ.

ಆದ್ದರಿಂದ ಕಾರ್ಮಿಕ ಇಲಾಖೆಯವರು ಈ ಸಂಸ್ಥೆಗಳಲ್ಲಿ ಕುಂದುಕೊರತೆ ಸಮಿತಿ ಕೊನೆಯ ಬಾರಿ ಯಾವಾಗ ಸಭೆ ಸೇರಿತ್ತು ಎಂಬುದರ ನಡಾವಳಿಯನ್ನು ತರಿಸಿ ನೋಡಲಿ. ಆಡಿಟ್‌ಗೆ ಬರುವ ಔಷಧ ಕಂಪನಿಗಳವರು ‘ಮಾನವ ದೋಷ’ ಎಂದು ಬರೆದ ಪ್ರತಿ ಪುಟದ ಜೊತೆಗೆ ಆ ದಿನದ ಹಂಚಿಕೆ ಪಟ್ಟಿ ಮತ್ತು ಹಾಜರಿಯನ್ನೂ ಕೇಳಲಿ. ನಾನಿದ್ದ ಆರು ವರ್ಷಗಳಲ್ಲಿ ಹಲವು ಆಡಿಟ್‌ಗಳು ನಡೆದವು. ಆ ಪಟ್ಟಿಯನ್ನು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಇತಿ,
ಔಷಧ ಸುರಕ್ಷತಾ ವಿಭಾಗದ ಮಾಜಿ ಉದ್ಯೋಗಿ, ಬೆಂಗಳೂರು
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)