ನಾಜಿಯಾ ಹಸನ್ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಪಾಕಿಸ್ತಾನದ ಪಾಪ್ ಗಾಯಕಿ ನಾಜಿಯಾ ಹಸನ್ ಬಗ್ಗೆ ನೀನು ಬರೆದ ಲೇಖನ ಓದಿದೆ. ವಿವರಗಳನ್ನು ಚೆನ್ನಾಗಿ ಕಲೆಹಾಕಿದ್ದೀಯ. ಆದರೆ ಮೊದಲ ಸಾಲಲ್ಲೇ ಲಂಡನ್, ಶ್ವಾಸಕೋಶದ ಕ್ಯಾನ್ಸರ್, 2000ದ ಆಗಸ್ಟ್, ಬರೀ 35 ವರ್ಷ. ಅಷ್ಟು ಓದಿದ ಮೇಲೆ ಅವಳು ಏನು ಹಾಡಿದರೂ ಓದುಗರಿಗೆ ಸಾವೇ ಕಾಣುತ್ತದೆ. ಹದಿಹರೆಯದ ಹುಡುಗಿ ಖುಷಿಯಿಂದ ಹಾಡಿದ್ದಕ್ಕೂ ಸೂತಕ ಅಂಟಿಸಿದ ಹಾಗಾಯ್ತು. ಇದು ನ್ಯಾಯ ಅಲ್ಲ, ಅಲ್ವಾ?

ಮೊದಲು ಹಾಡು ಕೇಳು. 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ'. ಹೆಡ್‌ಫೋನ್ ಹಾಕಿಕೊಂಡು ಕೇಳು. ದನಿ ತೆಳು, ಸ್ವಲ್ಪ ಮೂಗಿನಿಂದ ಬರುತ್ತದೆ. ಆಗಿನ ಹಿನ್ನೆಲೆ ಗಾಯಕಿಯರ ಮುರ್ಕಿ (ಸ್ವರವನ್ನು ಚುರುಕಾಗಿ ತಿರುಗಿಸುವ ಕುಸುರಿ), ಆಲಾಪ ಯಾವುದೂ ಇಲ್ಲ. ಸಾಲನ್ನು ಎಳೆಯುವುದಿಲ್ಲ, ಸುಮ್ನೆ ಹೇಳಿ ಬಿಟ್ಟುಬಿಡುತ್ತಾಳೆ. ಕೆಳಗೆ ಡ್ರಮ್ಮು, ಬೇಸ್ ಗಿಟಾರು ಒಂದೇ ಸಮನೆ ಓಡುತ್ತಿರುತ್ತವೆ. ಈ ಅವಸರವಿಲ್ಲದ ದನಿ ಅದರ ಮೇಲೆ ಆರಾಮಾಗಿ ಕೂತಿದೆ. ನಿನ್ನ ಲೇಖನ ಇಲ್ಲಿಂದ ಶುರುವಾಗಬೇಕು.

ಈ ಹಾಡಿಗೆ ಸಂಗೀತ ಕೊಟ್ಟ ಬಿದ್ದು ಅಪ್ಪಯ್ಯ ಬೆಂಗಳೂರಲ್ಲಿ ಹುಟ್ಟಿದವರು, ಕೊಡವರು ಅಂತ ಎರಡು ಪ್ಯಾರಾ ಬರೆದಿದ್ದೀಯ. ನಮ್ಮವರು ಅನ್ನುವ ಹೆಮ್ಮೆ ನನಗೂ ಇದೆ. 1974ರಲ್ಲಿ ಜಗತ್ತನ್ನೇ ಕುಣಿಸಿದ 'ಕುಂಗ್ ಫೂ ಫೈಟಿಂಗ್' ಅವರ ಕೈಯಿಂದ ಬಂದದ್ದು. ರೆಕಾರ್ಡಿನ ಹಿಂಬದಿಗೆ ಅಂತ ಗಡಿಬಿಡಿಯಲ್ಲಿ ಮಾಡಿದ ಹಾಡಂತೆ ಅದು! ಆದರೆ ಈ ಕಥೆ ಅವರದ್ದಲ್ಲ. ಇಲ್ಲಿಗೆ ಬೇಕಾದದ್ದು ಇಷ್ಟೇ: ಚಿತ್ರದ ಉಳಿದ ಸಂಗೀತ ಕಲ್ಯಾಣ್‌ಜಿ ಆನಂದ್‌ಜಿ ಅವರದ್ದು, ಇದೊಂದು ಹಾಡಿಗೆ ಚಿತ್ರದ ನಿರ್ದೇಶಕ ಫಿರೋಜ್ ಖಾನ್ ಲಂಡನ್ನಿನಲ್ಲಿದ್ದ ಬಿದ್ದು ಅವರನ್ನು ಹಿಡಿದರು. ಪಳಗಿದ ದನಿಗೆ ಬೊಂಬಾಯಿಯಲ್ಲಿ ಬರವಿರಲಿಲ್ಲ. ಆದರೂ ಕರಾಚಿ ಮೂಲದ ಈ ಹುಡುಗಿಯಿಂದಲೇ ಹಾಡಿಸಿದರು. ಅವಳಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು. ಯಾಕೆ ಅವಳೇ ಬೇಕಾಯ್ತು? ಈ ಪ್ರಶ್ನೆಯ ಬೆನ್ನು ಹತ್ತು.

1981ರ 'ಡಿಸ್ಕೋ ದೀವಾನೆ'ಗೆ ಇನ್ನಷ್ಟು ಜಾಗ ಕೊಡು. ತಮ್ಮ ಜೊಹೇಬ್ ಜೊತೆ ಹಾಡಿದ ಆಲ್ಬಂ. ಹಿಂದೆ ಸಿನಿಮಾ ಇಲ್ಲ, ತೆರೆಯ ಮೇಲೆ ತುಟಿ ಅಲ್ಲಾಡಿಸುವ ನಾಯಕಿಯಿಲ್ಲ. ಹಾಡು ಅಂದರೆ ಸಿನಿಮಾ ಹಾಡು ಅನ್ನುತ್ತಿದ್ದ ಕಾಲದಲ್ಲಿ ಜನ ಅದನ್ನು ಮುಗಿಬಿದ್ದು ಕೊಂಡರು.

ಇನ್ನೊಂದು ಮಾತು. 1992ರ 'ಕ್ಯಾಮೆರಾ ಕ್ಯಾಮೆರಾ' ಆಲ್ಬಂ ಆದಮೇಲೆ ಅವಳು 'ಮರೆಯಾದಳು' ಅಂತ ಬರೆದಿದ್ದೀಯ. ಆ ಪದ ತೆಗೆದುಹಾಕು. ಅವಳು ಕಾನೂನು ಓದಿದವಳು, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದವಳು. ನಮ್ಮ ಕಣ್ಣಿಗೆ ಬೀಳಲಿಲ್ಲ ಅಂದ ಮಾತ್ರಕ್ಕೆ ಅವಳ ಬದುಕು ನಿಂತಿರಲಿಲ್ಲ. ಹಾಡುಗಾರ್ತಿ ಹಾಡು ಬಿಟ್ಟರೆ ಸೋಲು ಅಂತ ನಾವು ತುಂಬಾ ಬೇಗ ತೀರ್ಮಾನ ಮಾಡಿಬಿಡುತ್ತೇವೆ.

ಕಾಯಿಲೆಯ ವಿಷಯ ಕೊನೆಗೆ ಎರಡು ಸಾಲಿನಲ್ಲಿ ಬಂದರೆ ಸಾಕು. ತಿದ್ದಿ ಕಳಿಸು. ಈ ಸಲ 'ಬೂಮ್ ಬೂಮ್' ಕೂಡ ಸೇರಿಸು. ಆ ಹಾಡಿದ್ದ 'ಸ್ಟಾರ್' ಸಿನಿಮಾ ಮಕಾಡೆ ಮಲಗಿತು, ಹಾಡು ಮಾತ್ರ ಗೆದ್ದಿತು. ಅದರ ಬಗ್ಗೆ ನೀನು ಏನು ಬರೆಯುತ್ತೀಯ ಅಂತ ನನಗೆ ಕುತೂಹಲ ಇದೆ.

ನಿನ್ನ ಅಕ್ಕ