ಐವತ್ತು ಗಜದ ಅಂಕಣಕ್ಕೆ ಮೂವತ್ತು ವರ್ಷದ ಋಣ

1995ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೆ ಮೊಯ್ನ್ ನಗರದಲ್ಲಿ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಎಂಬ ಹೊಸ ತಂಡ ಅರೀನಾ ಫುಟ್‌ಬಾಲ್, ಅಂದರೆ ಸೂರಿನಡಿಯ ಅಮೆರಿಕನ್ ಫುಟ್‌ಬಾಲ್, ಆಡಲು ಇಳಿಯಿತು. ಕಾಲೇಜು ಮುಗಿಸಿ, ದೊಡ್ಡ ಲೀಗಾದ ಎನ್‌ಎಫ್‌ಎಲ್‌ನ ಬಾಗಿಲಿನಿಂದ ವಾಪಸು ಬಂದಿದ್ದ ಕರ್ಟ್ ವಾರ್ನರ್ ಆ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಆದರು. 2025ಕ್ಕೆ ಆ ಚೊಚ್ಚಲ ಋತುವಿಗೆ 30 ವರ್ಷ ತುಂಬಿತು. ಈ ಆಟವನ್ನು ಕನ್ನಡದಲ್ಲಿ ಮಾತಾಡಿಕೊಳ್ಳುವ, ಕನ್ನಡದಲ್ಲೇ ಜಗಳವಾಡುವ ನಮ್ಮೆಲ್ಲರ ಪರವಾಗಿ ಈ ಕೃತಜ್ಞತೆ. ವಾರ್ನರ್ ಅವರಿಗೆ ಸಲ್ಲಬೇಕಾದ ಗೌರವ ಸಂದಿದೆ: 2011ರಲ್ಲಿ ಅರೀನಾ ಫುಟ್‌ಬಾಲಿನ ಹಾಲ್ ಆಫ್ ಫೇಮ್, 2017ರಲ್ಲಿ ಪ್ರೊ ಫುಟ್‌ಬಾಲಿನದು. ಅವರನ್ನು ತಿದ್ದಿದ ಆ ಪುಟ್ಟ ಅಂಕಣಕ್ಕೆ, ಅದನ್ನು ಕಟ್ಟಿದವರಿಗೆ, ಅದರಲ್ಲಿ ಅವರ ಮುಂದೆ ನಿಂತು ಪೆಟ್ಟು ತಿಂದವರಿಗೆ ಸಲ್ಲಬೇಕಾದದ್ದು ಇನ್ನೂ ಬಾಕಿ ಇದೆ.

ಮೊದಲ ನಮಸ್ಕಾರ ಅಂಗಡಿಯೊಂದಕ್ಕೆ. ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದಲ್ಲಿ ವಾರ್ನರ್ ಹೆಚ್ಚು ಕಾಲ ಬೆಂಚಿನ ಮೇಲೆ ಕೂತವರು. ಆರಂಭದಿಂದ ಆಡುವ ಅವಕಾಶ ಸಿಕ್ಕಿದ್ದು ಕೊನೆಯ ವರ್ಷದಲ್ಲಿ, 1993ರಲ್ಲಿ. 1994ರ ಡ್ರಾಫ್ಟ್‌ನಲ್ಲಿ (ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸುವ ಸುತ್ತು) ಯಾವ ತಂಡವೂ ಅವರ ಹೆಸರು ಕೂಗಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ಶಿಬಿರಕ್ಕೆ ಕರೆಯಿತು. ಅಲ್ಲಿ ಬ್ರೆಟ್ ಫಾವ್ರ್, ಮಾರ್ಕ್ ಬ್ರುನೆಲ್, ಟೈ ಡೆಟ್ಮರ್ ಎಂಬ ಮೂವರು ಕ್ವಾರ್ಟರ್‌ಬ್ಯಾಕ್‌ಗಳು ಮೊದಲೇ ಇದ್ದರು. ನಾಲ್ಕನೆಯವರಿಗೆ ಜಾಗವಿರಲಿಲ್ಲ, ಋತು ಶುರುವಾಗುವ ಮುಂಚೆಯೇ ಕಳಿಸಿಕೊಟ್ಟರು. ಸೀಡರ್ ಫಾಲ್ಸ್ ಊರಿನ ಹೈ-ವೀ ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿ, ಗಂಟೆಗೆ 5.50 ಡಾಲರ್, ಖಾಲಿಯಾದ ಕಪಾಟುಗಳಿಗೆ ಸಾಮಾನು ಜೋಡಿಸುವ ಕೆಲಸ. ತಂಡವಿಲ್ಲದ ದಿನಗಳಲ್ಲಿ ಆಟಗಾರನ ಮನೆ ನಡೆಯುವುದು ಇಂಥ ಕೂಲಿಯಿಂದ. ಹಗಲು ಅಭ್ಯಾಸಕ್ಕೆ ಬಿಡುವು ಸಿಗುವುದೂ ಇಂಥ ಪಾಳಿಯಿಂದಲೇ.

ಎರಡನೆಯದು ಜಿಮ್ ಫಾಸ್ಟರ್ ಅವರಿಗೆ. 1981ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ಪಂದ್ಯ ನೋಡುತ್ತಾ ಕೂತಿದ್ದ ಅವರು, ಕೈಯಲ್ಲಿದ್ದ ಕಂದು ಲಕೋಟೆಯ ಮೇಲೆ ಒಂದು ಅಂಕಣ ಬರೆದರು. ಐಸ್ ಹಾಕಿ ಆಡುವ ಜಾಗದೊಳಗೆ ಅಮೆರಿಕನ್ ಫುಟ್‌ಬಾಲನ್ನು ಹೊಂದಿಸುವುದು ಹೇಗೆ ಎಂಬುದೇ ಅವರ ಲೆಕ್ಕ. 1986ರಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ನಲ್ಲಿ ಪ್ರಯೋಗದ ಪಂದ್ಯ ನಡೆಯಿತು, 1987ರಲ್ಲಿ ನಾಲ್ಕು ತಂಡಗಳ ಲೀಗ್ ಶುರುವಾಯಿತು, 1990ರಲ್ಲಿ ಆಟಕ್ಕೆ ಪೇಟೆಂಟ್ ಬಂತು. ಬಾರ್ನ್‌ಸ್ಟಾರ್ಮರ್ಸ್ ತಂಡವನ್ನು ಡೆ ಮೊಯ್ನ್‌ಗೆ ತಂದು ವಾರ್ನರ್ ಅವರನ್ನು ಸೇರಿಸಿಕೊಂಡವರೂ ಇದೇ ಫಾಸ್ಟರ್.

ಆ ಲಕೋಟೆಯ ಅಳತೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕ್ವಾರ್ಟರ್‌ಬ್ಯಾಕ್‌ಗೆ ಪಾಠ ಹೇಳಿದ್ದು ಅವೇ. ಹೊರಾಂಗಣದ ಅಂಕಣ ಗೋಲ್ ಗೆರೆಯಿಂದ ಗೋಲ್ ಗೆರೆಗೆ 100 ಗಜ, ಅಗಲ 160 ಅಡಿ. ಅರೀನಾದಲ್ಲಿ ಉದ್ದ 50 ಗಜ, ಅಗಲ 85 ಅಡಿ, ಎರಡೂ ತುದಿಗೆ 8 ಗಜದ ಎಂಡ್‌ಝೋನ್ (ಅಂಕ ಗಳಿಸುವ ಪಟ್ಟಿ). ಕ್ರಿಕೆಟ್ ಕಣ್ಣಿನಲ್ಲಿ ಹೇಳುವುದಾದರೆ ಎರಡು ಪಿಚ್‌ಗಳನ್ನು ಉದ್ದಕ್ಕೆ ಹಾಸಿದರೆ ಇನ್ನು 6 ಗಜ ಉಳಿಯುತ್ತದೆ, ಅಷ್ಟೇ. ಜಾಗ ಕಾಲು ಭಾಗಕ್ಕೆ ಇಳಿಯಿತು. ಆಟಗಾರರು ಮಾತ್ರ ತಂಡಕ್ಕೆ 11ರಿಂದ 8ಕ್ಕೆ ಇಳಿದರು. ಹೊರಗೆ ಒಬ್ಬೊಬ್ಬರ ಪಾಲಿಗೆ ಸುಮಾರು 240 ಚದರ ಗಜ ಬರುತ್ತದೆ, ಒಳಗೆ 90 ಕೂಡ ಬರುವುದಿಲ್ಲ. ಕಾಲೇಜಿನಲ್ಲಿ ಬಿಡುವಾಗಿ ಕಂಡ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಇಲ್ಲಿ ಎಂದೂ ಬಿಡುವಾಗಿ ಕಾಣುವುದಿಲ್ಲ. ಕಾಲೇಜಿನಿಂದ ಬಂದವರು ಮೊದಲ ಪಂದ್ಯಗಳಲ್ಲಿ ಎಡವುವುದು ಇಲ್ಲೇ. ರಿಸೀವರ್ ರಕ್ಷಕನಿಂದ ಬಿಡಿಸಿಕೊಳ್ಳಲಿ, ಆಮೇಲೆ ಎಸೆಯುತ್ತೇನೆ ಎಂದು ಕಾಯುತ್ತಾರೆ. ಬಿಡಿಸಿಕೊಂಡಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಇನ್ನೊಬ್ಬ ರಕ್ಷಕ ಎರಡು ಹೆಜ್ಜೆಯಲ್ಲಿ ಅಲ್ಲಿಗೆ ಬಂದಿರುತ್ತಾನೆ. ಚೆಂಡು ಅವನ ಎದೆಗೇ ಹೋಗುತ್ತದೆ.

ಸರಿಯಾದ ಕ್ರಮ ಹೀಗೆ. ಮುಂದೆ ನಿಂತ ಸೆಂಟರ್ ಚೆಂಡನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುವುದೇ ಸ್ನ್ಯಾಪ್. ಚೆಂಡು ಕೈಗೆ ಬಂದೊಡನೆ ಬಲಗೈ ಆಟಗಾರ ಬಲಗಾಲನ್ನು ಹಿಂದಕ್ಕೆ ದೊಡ್ಡದಾಗಿ ಇಡಬೇಕು, ಎಡಗಾಲು ಅದನ್ನು ದಾಟಬೇಕು, ಮೂರನೆಯ ಹೆಜ್ಜೆಗೆ ಬಲಗಾಲು ಊರಬೇಕು. ಊರಿದ ಕಾಲಿನ ಮೇಲೇ ಚೆಂಡು ಹೊರಡಬೇಕು. ಸ್ನ್ಯಾಪ್‌ನಿಂದ ಬಿಡುಗಡೆವರೆಗೆ ಎರಡು ಸೆಕೆಂಡು ದಾಟಬಾರದು. ರಿಸೀವರ್ ದಿಕ್ಕು ತಿರುಗಿಸುವ ಮುಂಚೆಯೇ, ಅವನು ಬರಲಿರುವ ಜಾಗಕ್ಕೆ ಎಸೆಯಬೇಕು. ಊರಿದ ಮೇಲೆ ಒಂದು ಕುಪ್ಪಳಿಕೆ ಸೇರಿಸುವ ಚಾಳಿ ಕಾಲೇಜಿನಲ್ಲಿ ಬೆಳೆದಿರುತ್ತದೆ. ಇಲ್ಲಿ ಆ ಕುಪ್ಪಳಿಕೆ ಎಂದರೆ ಕಾಲು ಸೆಕೆಂಡು, ಅಷ್ಟು ಸಾಕು ಕೆಡವಿಸಿಕೊಳ್ಳಲು. ಬಲವಾದ ತೋಳಿದ್ದವರಿಗೆ ಇನ್ನೊಂದು ಕಷ್ಟ: ಎತ್ತರಕ್ಕೆ ಬಿಲ್ಲಿನಂತೆ ಎಸೆಯುವ ಆಸೆ. ಚೆಂಡು ಗಾಳಿಯಲ್ಲಿದ್ದಷ್ಟು ಹೊತ್ತೂ ರಕ್ಷಕ ಓಡಿ ಬರುತ್ತಿರುತ್ತಾನೆ. ಇಲ್ಲಿ ಬೇಕಾದದ್ದು ಎದೆಮಟ್ಟದ, ಬಿಗಿಯಾದ, ಕೆಳಗಿನಿಂದ ಹಾದುಹೋಗುವ ಎಸೆತ. ಎಂಡ್‌ಝೋನಿನ ಮೂಲೆಗೆ ಮಾತ್ರ ಮೆಲ್ಲನೆ ಎತ್ತಿ ಇಳಿಸುವ ಎಸೆತ ಸಲ್ಲುತ್ತದೆ.

ಈಗ ತರಬೇತುದಾರ ಜಾನ್ ಗ್ರೆಗರಿ ಅವರಿಗೆ. ನಮ್ಮ ಮಟ್ಟಿಗೆ ಈ ಬರಹದ ದೊಡ್ಡ ಸಾಲ ಇವರದು. ಅರೀನಾದಲ್ಲಿ ಒಬ್ಬ ರಿಸೀವರ್‌ಗೆ ಸ್ನ್ಯಾಪ್ ಆಗುವ ಮುಂಚೆಯೇ, ಎರಡೂ ತಂಡಗಳು ಎದುರುಬದುರು ನಿಲ್ಲುವ ಗೆರೆಯ ಕಡೆಗೆ ಮುಂದಕ್ಕೆ ಓಡಿ ಬರುವ ಅನುಮತಿ ಇದೆ. ಅಮೆರಿಕದ ಕಾಲೇಜು ಆಟದಲ್ಲಿ ಅದು ತಪ್ಪು. ಹಾಗಾಗಿ ಅಲ್ಲಿಂದ ಬಂದ ಕ್ವಾರ್ಟರ್‌ಬ್ಯಾಕ್‌ನ ಕಿವಿಗೆ ಈ ತಾಳವೇ ಹೊಸದು. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 8 ಗಜದ ವೇಗದಲ್ಲಿ ಬರುವ ರಿಸೀವರ್ ಗೆರೆ ಮುಟ್ಟುವ ಕ್ಷಣಕ್ಕೂ ಸ್ನ್ಯಾಪ್‌ಗೂ ತಾಳೆ ಬೀಳಬೇಕು. ಸ್ನ್ಯಾಪ್ ಕಾಲು ಸೆಕೆಂಡು ತಡವಾದರೆ ಅವನು ಗೆರೆ ದಾಟಿ 2 ಗಜ ಮುಂದಿರುತ್ತಾನೆ. ಆಗ 5 ಗಜದ ದಂಡ, ಅಂದರೆ ಅಂಕಣದ ಹತ್ತನೇ ಒಂದು ಭಾಗ. ಕಾಲು ಸೆಕೆಂಡು ಬೇಗ ಆದರೆ ಅವನು ಇನ್ನೂ 2 ಗಜ ಹಿಂದಿರುತ್ತಾನೆ, ಚೆಂಡು ಅವನಿಗಿಂತ ಮೊದಲು ಜಾಗ ತಲುಪಿ ನೆಲಕ್ಕೆ ಬೀಳುತ್ತದೆ. ಸೂರಿನಡಿಯ ಗದ್ದಲದಲ್ಲಿ ಕೂಗಿದ ಸಂಖ್ಯೆ ಕೇಳಿಸುವುದೂ ಇಲ್ಲ. ಅದಕ್ಕೆ ಕ್ವಾರ್ಟರ್‌ಬ್ಯಾಕ್ ಹಿಮ್ಮಡಿ ಎತ್ತಿ ಓಟಕ್ಕೆ ಸನ್ನೆ ಕೊಟ್ಟು, ರಿಸೀವರ್‌ನ ಹೆಜ್ಜೆಗಳನ್ನು ಓರೆಗಣ್ಣಿನಲ್ಲಿ ಎಣಿಸಿ, ಕೊನೆಯ ಹೆಜ್ಜೆಗೆ ಚೆಂಡು ಕೇಳಬೇಕು.

ಗ್ರೆಗರಿ ಅವರಿಗೆ ಈ ತಾಳ ಹಳೆಯದು. ಅವರು ಕೆನಡಾದ ಲೀಗಿನಲ್ಲಿ ಸಸ್ಕಾಚೆವನ್ ರಫ್‌ರೈಡರ್ಸ್ ತಂಡಕ್ಕೆ ಆ ಲೀಗಿನ ಪ್ರಶಸ್ತಿಯಾದ 1989ರ ಗ್ರೇ ಕಪ್ ಗೆಲ್ಲಿಸಿಕೊಟ್ಟವರು. ಕೆನಡಾದ ಆಟದಲ್ಲೂ ರಿಸೀವರ್‌ಗಳು ಗೆರೆಯ ಕಡೆಗೆ ಓಡುತ್ತಲೇ ಬರುತ್ತಾರೆ. ಆ ಅನುಭವ ಇರುವ ಒಬ್ಬರು ಡೆ ಮೊಯ್ನ್‌ನಲ್ಲಿ ಕಾದಿದ್ದರು ಎಂಬುದು ಹೊಸ ಕ್ವಾರ್ಟರ್‌ಬ್ಯಾಕ್ ಪಾಲಿನ ಪುಣ್ಯ. ವಾರ್ನರ್ ಕಥೆ ಹೇಳುವವರು ದಿನಸಿ ಅಂಗಡಿಯಿಂದ ಸೀದಾ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್‌ಗೆ ಹಾರಿಬಿಡುತ್ತಾರೆ. ನಡುವೆ ಮೂರು ಋತು ತಾಳ ಕಲಿಸಿದವರ ಹೆಸರು ಬಿಟ್ಟುಹೋಗುತ್ತದೆ. ಅದು ನಮಗೆ ನೋವಿನ ವಿಷಯ. ಗ್ರೆಗರಿ ಅವರೇ, ನಿಮಗೆ ಕೈಮುಗಿದು ಧನ್ಯವಾದ.

ಬಲೆಗಳ ಬಗ್ಗೆ ಒಂದು ಮಾತು. ಎರಡೂ ತುದಿಯಲ್ಲಿ ಗೋಲ್‌ಕಂಬದ ಅಕ್ಕಪಕ್ಕ 30 ಅಡಿ ಅಗಲ, 32 ಅಡಿ ಎತ್ತರದ ಬಲೆ ಬಿಗಿದಿರುತ್ತದೆ. ಅದರ ಕೆಳ ಅಂಚು ನೆಲದಿಂದ 8 ಅಡಿ ಮೇಲೆ. ಕಂಬಗಳ ನಡುವಿನ ಅಂತರ 9 ಅಡಿ, ಅಡ್ಡಪಟ್ಟಿ 15 ಅಡಿ ಎತ್ತರ. ತಪ್ಪಿದ ಕಿಕ್ ಬಲೆಗೆ ಬಡಿದು ವಾಪಸು ಬಂದರೆ ಆಟ ನಿಲ್ಲುವುದಿಲ್ಲ, ಎದುರಾಳಿ ಹಿಡಿದು ಓಡಬಹುದು. ಪಾಸ್‌ಗೂ ಇದೇ ನಿಯಮ. ಹೊರಾಂಗಣದಲ್ಲಿ ಎಂಡ್‌ಝೋನ್ ದಾಟಿಸಿ ಎಸೆದ ಚೆಂಡು ಯಾರಿಗೂ ದಕ್ಕದೆ ಸಾಯುತ್ತದೆ, ಕ್ವಾರ್ಟರ್‌ಬ್ಯಾಕ್ ಬಚಾವಾಗುತ್ತಾನೆ. ಇಲ್ಲಿ ಎತ್ತರ ತಪ್ಪಿದ ಎಸೆತ ಬಲೆಗೆ ಬಡಿದು, ವೇಗ ಕಳೆದುಕೊಂಡು, ಮೆತ್ತಗೆ ಇಳಿದು ಬರುತ್ತದೆ. ಕೆಳಗೆ ಕಾದಿರುವ ರಕ್ಷಕನಿಗೆ ಅದು ತುತ್ತು. ಬೇಡದ ಚೆಂಡನ್ನು ಎಸೆದು ತೊಲಗಿಸುವಾಗಲೂ ಬಲೆಯ ದಿಕ್ಕು ಬಿಟ್ಟು ಪಕ್ಕದ ಗೋಡೆಯಾಚೆಗೆ, ಪ್ರೇಕ್ಷಕರ ಸಾಲಿಗೆ ಎಸೆಯಬೇಕು. (ಆ ಚೆಂಡು ಹಿಡಿದವರಿಗೇ ಸೇರುತ್ತದೆ. ಮಕ್ಕಳಿಗೆ ಇದಕ್ಕಿಂತ ಖುಷಿ ಇನ್ನೊಂದಿಲ್ಲ.) ಇಂದಿನ ಇಂಡೋರ್ ಫುಟ್‌ಬಾಲ್ ಲೀಗ್ ನೋಡುವವರಿಗೆ ಬಲೆ ಕಾಣುವುದಿಲ್ಲ. ಬಾರ್ನ್‌ಸ್ಟಾರ್ಮರ್ಸ್ 2015ರಿಂದ ಆಡುತ್ತಿರುವುದು ಅಲ್ಲೇ.

ಪಕ್ಕದ ಗೋಡೆಯೂ ಪಾಠ ಹೇಳುತ್ತದೆ. ಹಾಕಿ ಅಂಗಣದ ಹಲಗೆಗೆ ದಪ್ಪ ಫೋಮ್ ಹೊದಿಸಿರುತ್ತಾರೆ. ಹೊರಾಂಗಣದಲ್ಲಿ ಗೆರೆ ದಾಟಿದ ರಿಸೀವರ್‌ಗೆ ನಿಧಾನಿಸಲು ಹುಲ್ಲಿದೆ, ಇಲ್ಲಿ ಗೆರೆಯಿದ್ದ ಕಡೆಯೇ ಗೋಡೆ. ಹೊರಭುಜಕ್ಕೆ ಒಂದು ಗಜ ಹೆಚ್ಚಾಗಿ ಎಸೆದರೆ ಪಕ್ಕೆಲುಬಿಗೆ ಪೆಟ್ಟು ಬೀಳುವುದು ರಿಸೀವರ್‌ಗೆ, ಎಸೆದವರಿಗಲ್ಲ. ಆದ್ದರಿಂದ ಗೋಡೆಯ ಕಡೆ ಓಡುವವನಿಗೆ ಚೆಂಡನ್ನು ಕೊಂಚ ಹಿಂದಕ್ಕೆ, ಒಳಭುಜಕ್ಕೆ ಕೊಡಬೇಕು. ಒಂದು ಪಂದ್ಯ ಮುಗಿದೊಡನೆ ಇನ್ನೊಂದು ಆಟಕ್ಕೆ ಅಂಗಣ ಬಿಟ್ಟುಕೊಡಬೇಕಾದಲ್ಲಿ ಆ ಫೋಮ್ ಬಿಚ್ಚಿ, ಟರ್ಫಿನ ಉದ್ದುದ್ದ ಸುರುಳಿಗಳನ್ನು ಸುತ್ತಿ, ಮತ್ತೆ ಹಾಸುವ ಕೆಲಸಗಾರರು ಇದ್ದಾರೆ. ಸುರುಳಿಗಳ ನಡುವಿನ ಜೋಡಣೆ ಸರಿಯಾಗಿ ಕೂರದಿದ್ದರೆ ಅಂಚು ಎದ್ದು ಬೂಟಿಗೆ ಸಿಕ್ಕುತ್ತದೆ, ಮೂರನೆಯ ಹೆಜ್ಜೆ ಊರುವಲ್ಲಿ ಕಾಲು ಜಾರುತ್ತದೆ. ಕ್ವಾರ್ಟರ್‌ಬ್ಯಾಕ್‌ನ ಮೊಣಕಾಲು ಆ ಕೆಲಸಗಾರರ ಕೈಯಲ್ಲಿದೆ. ಅವರಿಗೆ ನಮ್ಮ ನಮಸ್ಕಾರ.

ಎದುರಾಳಿಗಳಿಗೂ ಒಂದು ಧನ್ಯವಾದ ಸಲ್ಲಬೇಕು. ಅರೀನಾದಲ್ಲಿ ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಇಲ್ಲ, ನಾಲ್ಕನೆಯ ಡೌನ್‌ಗೆ, ಅಂದರೆ ಕೊನೆಯ ಯತ್ನಕ್ಕೆ, ಒಂದೋ ಮುನ್ನುಗ್ಗಬೇಕು, ಇಲ್ಲವೇ ಕಿಕ್‌ನಲ್ಲಿ ಅಂಕಕ್ಕೆ ಯತ್ನಿಸಬೇಕು. ಗಡಿಯಾರ ಪ್ರತಿ ಅರ್ಧದ ಕೊನೆಯ ಒಂದು ನಿಮಿಷ ಬಿಟ್ಟರೆ ನಿಲ್ಲದೆ ಓಡುತ್ತದೆ. ಎರಡೂ ತಂಡ ಬಂದಬಂದಾಗಲೆಲ್ಲ ಅಂಕ ಗಳಿಸುವ ಆಟದಲ್ಲಿ ಒಂದು ಇಂಟರ್ಸೆಪ್ಶನ್ (ಎಸೆತ ಎದುರಾಳಿಯ ಕೈಸೇರುವುದು) ಎಂದರೆ ಪಂದ್ಯವೇ ಕೈಬಿಟ್ಟಂತೆ. 1996ರ ಅರೀನಾ ಬೌಲ್‌ನಲ್ಲಿ ಟ್ಯಾಂಪಾ ಬೇ ಸ್ಟಾರ್ಮ್ 42-38ರಿಂದ ಬಾರ್ನ್‌ಸ್ಟಾರ್ಮರ್ಸ್ ತಂಡವನ್ನು ಸೋಲಿಸಿತು, 1997ರಲ್ಲಿ ಅರಿಜೋನಾ ರ‍್ಯಾಟ್ಲರ್ಸ್ 55-33ರಿಂದ. ಎರಡು ಫೈನಲ್, ಎರಡು ಸೋಲು. ಚೆಂಡು ಕೈಗೆ ಬಂದ ಪ್ರತಿ ಸಲವೂ ಅಂಕ ತರಲೇಬೇಕು ಎಂಬ ಒತ್ತಡವನ್ನು ಕಾಲೇಜು ಆಟ ಯಾರಿಗೂ ಇಷ್ಟು ಹೇರುವುದಿಲ್ಲ. ಆ ಮೂರು ಋತುಗಳಲ್ಲಿ ವಾರ್ನರ್ 10,164 ಗಜ ಎಸೆದರು, 183 ಟಚ್‌ಡೌನ್ (ಚೆಂಡನ್ನು ಎಂಡ್‌ಝೋನ್ ಮುಟ್ಟಿಸಿ ಅಂಕ ಗಳಿಸುವುದು), 43 ಇಂಟರ್ಸೆಪ್ಶನ್. ಒಂದು ತಪ್ಪಿಗೆ ನಾಲ್ಕಕ್ಕೂ ಹೆಚ್ಚು ಟಚ್‌ಡೌನ್.

1998ರಲ್ಲಿ ಅವರು ಯುರೋಪಿನ ಲೀಗಿನಲ್ಲಿ ಆಮ್‌ಸ್ಟರ್‌ಡ್ಯಾಮ್ ಅಡ್ಮಿರಲ್ಸ್‌ಗೆ ಆಡಿದರು. 1999ರಲ್ಲಿ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಗಾಯಗೊಂಡಾಗ ಎನ್‌ಎಫ್‌ಎಲ್‌ನ ಸೇಂಟ್ ಲೂಯಿ ರ‍್ಯಾಮ್ಸ್ ತಂಡದ ಚುಕ್ಕಾಣಿ ಅವರಿಗೆ ಬಂತು: ಆ ಋತುವಿನಲ್ಲಿ 4,353 ಗಜ, 41 ಟಚ್‌ಡೌನ್. 2000ದ ಜನವರಿ 30ರ ಸೂಪರ್ ಬೌಲ್‌ನಲ್ಲಿ ಟೆನೆಸಿ ಟೈಟನ್ಸ್ ವಿರುದ್ಧ 16-16 ಸಮವಾಗಿ, ಸುಮಾರು ಎರಡು ನಿಮಿಷ ಉಳಿದಾಗ ರಿಸೀವರ್ ಐಸಾಕ್ ಬ್ರೂಸ್‌ಗೆ ಹೋದ 73 ಗಜದ ಎಸೆತವನ್ನು ಮತ್ತೊಮ್ಮೆ ನೋಡಿ. ಬ್ರೂಸ್ ಓಟಕ್ಕಿಂತ ಮುಂಚೆ ಎಸೆಯುವ ಕೈಯನ್ನು ನೋಡಿ. ಟೈಟನ್ಸ್ ರಕ್ಷಕ ಜೆವಾನ್ ಕಿಯರ್ಸ್ ಮೈಮೇಲೆ ಬಿದ್ದೇ ಬಿಟ್ಟಿದ್ದಾರೆ, ಚೆಂಡು ಆಗಲೇ ಹೊರಟಿದೆ. ಪೆಟ್ಟಿನಿಂದ ಅದು ಸ್ವಲ್ಪ ಗಿಡ್ಡವಾಯಿತು, ಬ್ರೂಸ್ ಓಟ ನಿಧಾನಿಸಿ ಹಿಡಿದರು. ಪಂದ್ಯ 23-16ಕ್ಕೆ ಮುಗಿಯಿತು, ವಾರ್ನರ್ ಆ ದಿನ 414 ಗಜ ಎಸೆದಿದ್ದರು. ಆ ಒಂದು ಕ್ಷಣದ ಬಿಡುಗಡೆ ಡೆ ಮೊಯ್ನ್‌ನ ಗೋಡೆಗಳ ನಡುವೆ ರೂಢಿಯಾದದ್ದು ಎಂದು ನಾವು ನಂಬುತ್ತೇವೆ.

ಕೊನೆಯದಾಗಿ, 1995ರ ಆ ತಂಡದಲ್ಲಿ ಅವರ ಜೊತೆ ಆಡಿದವರಿಗೆ. ಆಗ ಎಂಟರಲ್ಲಿ ಆರು ಮಂದಿ ದಾಳಿಯಲ್ಲೂ ರಕ್ಷಣೆಯಲ್ಲೂ ಆಡಲೇಬೇಕೆಂಬ ನಿಯಮವಿತ್ತು. 2007ರವರೆಗೂ ಅದು ಉಳಿಯಿತು. ಕ್ವಾರ್ಟರ್‌ಬ್ಯಾಕ್‌ಗೆ ವಿನಾಯಿತಿ, ಎದುರಾಳಿಯ ಸರದಿಯಲ್ಲಿ ಅವರು ಬೆಂಚಿನಲ್ಲಿ ಕೂತು ನೀರು ಕುಡಿಯಬಹುದಿತ್ತು. ಅವರ ಮುಂದಿನ ಸೆಂಟರ್ ಮತ್ತು ಅವನ ಎರಡು ಪಕ್ಕದ ಇಬ್ಬರು ಗಾರ್ಡ್‌ಗಳಿಗೆ ಅದಿರಲಿಲ್ಲ. ಎದುರಾಳಿಯ ಮೂವರು ಲೈನ್‌ಮನ್‌ಗಳ (ಗೆರೆಯ ಮೇಲೆ ನಿಲ್ಲುವವರ) ಜೊತೆಗೆ ಹಿಂದಿನಿಂದ ನುಗ್ಗಿ ಬರುವ ಒಬ್ಬ ಲೈನ್‌ಬ್ಯಾಕರ್‌ನನ್ನು ತಡೆದು, ಸರದಿ ಬದಲಾದೊಡನೆ ಅದೇ ಕಾಲಿನಲ್ಲಿ ತಿರುಗಿ ನಿಂತು ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಬೇಕಿತ್ತು. ರಿಸೀವರ್‌ಗಳು ಹಿಡಿಯುವ ಕೆಲಸ ಮುಗಿಸಿ ತಡೆಯುವ ಕೆಲಸಕ್ಕೆ ಓಡುತ್ತಿದ್ದರು. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಆ ಕಾಲುಗಳು ಸೋತಿರುತ್ತವೆ, ಓಟದ ತಾಳ ಕಾಲು ಹೆಜ್ಜೆ ನಿಧಾನವಾಗಿರುತ್ತದೆ. ಅದನ್ನು ಗಮನಿಸಿ ಸ್ನ್ಯಾಪನ್ನೂ ಅಷ್ಟೇ ತಡಮಾಡಲು ಹೊಸ ಕ್ವಾರ್ಟರ್‌ಬ್ಯಾಕ್‌ಗೆ ಕಲಿಸಿದ್ದು ಆ ದಣಿದ ಕಾಲುಗಳೇ. ದಿನಪತ್ರಿಕೆಗಳಲ್ಲಿ ಹೆಸರು ಬಾರದ ಆ ಸೆಂಟರ್, ಗಾರ್ಡ್, ರಿಸೀವರ್‌ಗಳೇ, ನಿಮ್ಮ ಒಬ್ಬೊಬ್ಬರಿಗೂ ನಮ್ಮ ಮನಃಪೂರ್ವಕ ವಂದನೆ.