ಭಾನುವಾರದ ಮರದ ಸೇತುವೆ ಪ್ರವಾಸ: ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಕಾರ್ನಿಷ್-ವಿಂಡ್ಸರ್ ಸೇತುವೆ ನೋಡಲು ಹೋಗುತ್ತಿದ್ದೇವೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್ ರಾಜ್ಯಗಳನ್ನು ಜೋಡಿಸುವ, ಮೇಲೆ ಮಾಡು ಇರುವ ಮರದ ಸೇತುವೆ ಇದು. ಬರುವವರು ಬೆಳಿಗ್ಗೆ 11ಕ್ಕೆ ವರ್ಮಾಂಟ್ ಕಡೆಯ ದಡದಲ್ಲಿ ಸೇರಿ.

ಸುಮ್ನೆ ಫೋಟೋ ತೆಗೆದು ವಾಪಸ್ ಬರುವ ಜಾಗ ಅಲ್ಲ ಇದು. ಕನೆಕ್ಟಿಕಟ್ ನದಿಯ ಮೇಲೆ 1866ರಲ್ಲಿ ಕಟ್ಟಿದ್ದು, ಉದ್ದ ಸುಮಾರು 450 ಅಡಿ. ಇದಕ್ಕೂ ಮೊದಲು ಇಲ್ಲಿದ್ದ ಸೇತುವೆಗಳು ಪ್ರವಾಹಕ್ಕೆ ಸಿಕ್ಕಿ ಹೋದವು. ಮೇಲಿನ ಮಾಡು ನಮಗಾಗಿ ಅಲ್ಲ, ಮರಕ್ಕಾಗಿ! ಮಳೆ, ಹಿಮ ತಾಗಿದರೆ ಭಾರ ಹೊರುವ ತೊಲೆಗಳು ಬೇಗ ಕೊಳೆಯುತ್ತವೆ. ಒಳಗೆ ನಿಂತು ಪಕ್ಕದ ಗೋಡೆ ನೋಡಿ. ಓರೆಯಾಗಿ ಒಂದರ ಮೇಲೊಂದು ಹಾಯ್ದ ಮರಗಳು, ನಮ್ಮೂರ ಬಿದಿರು ತಟ್ಟಿಯ ಹಾಗೆ. ಇಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ 1820ರಲ್ಲಿ ಪೇಟೆಂಟ್ ಪಡೆದ ಜಾಲರಿ ವಿನ್ಯಾಸದಿಂದ ಬಂದಿದ್ದು. ನನಗಂತೂ ಅದನ್ನು ಎಷ್ಟು ನೋಡಿದರೂ ಸಾಲದು. ಕುದುರೆ ಓಡಿಸಿದರೆ ಎರಡು ಡಾಲರ್ ದಂಡ ಎನ್ನುವ ಬೋರ್ಡನ್ನು ಮಕ್ಕಳಿಗೆ ಮರೆಯದೆ ತೋರಿಸಿ.

ಒಳಗೆ ಈಗಲೂ ಕಾರು ಓಡಾಡುತ್ತವೆ. ಮಕ್ಕಳ ಕೈ ಬಿಡಬೇಡಿ. ದಪ್ಪ ಜಾಕೆಟ್, ಬುತ್ತಿ ತನ್ನಿ. ಮರದ ಮೇಲೆ ಹೆಸರು ಕೆತ್ತುವುದು ದಯವಿಟ್ಟು ಬೇಡ.

ಎಷ್ಟು ಜನ, ಕಾರಿನಲ್ಲಿ ಜಾಗ ಇದೆಯೇ ಅಥವಾ ಬೇಕೇ ಎಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ.